ದಂಗಲೆಯಾತ್ ಭಾಷೆಗೆ ಚಾಡಿಕ್ ಬಳಗದಲ್ಲಿ ಯಾವ ಸ್ಥಾನ?

ಪ್ರಶ್ನೆ: ನುಡಿಹಾದಿ

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಭಾಷಾಕುಟುಂಬಗಳನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಾಡಿಕ್ ಭಾಷೆಗಳ ಬಗ್ಗೆ ಸಿಗುವ ಸಾಮಾನ್ಯ ಬರಹಗಳು ಹೌಸಾದಿಂದ ಆರಂಭವಾಗಿ ಹೌಸಾದಲ್ಲೇ ಮುಗಿಯುತ್ತವೆ. ನೈಜೀರಿಯಾ ಮತ್ತು ನೈಜರ್ ದೇಶಗಳಲ್ಲಿ ಕೋಟಿಗಟ್ಟಲೆ ಜನರು ಆಡುವ, ರೇಡಿಯೊ, ಪತ್ರಿಕೆ, ಸಾಹಿತ್ಯಗಳೆಲ್ಲವೂ ಇರುವ ಆ ಭಾಷೆಗೆ ಪ್ರಾಧಾನ್ಯ ಸಿಗುವುದು ಸಹಜವೇ ಸರಿ. ಆದರೆ ಅದೇ ಶಾಖೆಯ 150ಕ್ಕೂ ಹೆಚ್ಚು ಭಾಷೆಗಳನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರೆ ಶಾಖೆಯ ನಿಜರೂಪ ಓದುಗರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಚಾಡ್ ದೇಶದ ನಡುಭಾಗದಲ್ಲಿರುವ ದಂಗಲೆಯಾತ್ ಎಂಬ ಸಣ್ಣ ಭಾಷೆಯನ್ನು ಮುಂದಿಟ್ಟುಕೊಂಡು ಇಡೀ ಶಾಖೆಯ ಒಳರಚನೆಯನ್ನು ವಿವರಿಸಬೇಕೆಂದುಕೊಂಡಿದ್ದೇನೆ.

ಓದುತ್ತಾ ಹೋದಂತೆ ಮೂರು ಕಡೆ ತೊಡಕಾಗಿದೆ. ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಪ್ರಕಟಿಸಿದ ಆಫ್ರಿಕಾದ ಭಾಷೆಗಳ ವರ್ಗೀಕರಣದಲ್ಲಿ ದಂಗಲೆಯಾತ್ ಎಂಬ ಹೆಸರು ನನಗೆ ಸಿಗಲಿಲ್ಲ. ಎರಡನೆಯದಾಗಿ, ಜನಾಂಗಗಳ ಬಗೆಗಿನ ಬರಹಗಳು ದಂಗಲೆಯಾತರನ್ನೂ ಅವರ ನೆರೆಯ ಕೆಂಗಾ ಜನರನ್ನೂ ‘ಹಜೆರಾಯ್’ ಎಂಬ ಒಂದೇ ಹೆಸರಿನಡಿ ಸೇರಿಸುತ್ತವೆ. ಹಾಗಾದರೆ ಕೆಂಗಾ ಕೂಡ ಚಾಡಿಕ್ ಭಾಷೆಯೇ? ಮೂರನೆಯದಾಗಿ, ಪೂರ್ವ ದಂಗಲೆಯಾತ್ ಮತ್ತು ಪಶ್ಚಿಮ ದಂಗಲೆಯಾತ್ ಎಂಬ ವಿಭಾಗ ಕೆಲವು ಕಡೆ ಕಾಣುತ್ತದೆ. ಇವು ಒಂದು ಭಾಷೆಯ ಎರಡು ಪ್ರಭೇದಗಳೋ ಅಥವಾ ಬೇರೆ ಬೇರೆ ಭಾಷೆಗಳೋ? ಹೌಸಾಕ್ಕೂ ದಂಗಲೆಯಾತ್‌ಗೂ ಇರುವ ನಂಟು ಎಷ್ಟು ಹತ್ತಿರದ್ದು ಎಂಬುದನ್ನೂ ತಿಳಿದವರು ಆಧಾರಸಹಿತವಾಗಿ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬೇರುಬಿಳಲು

ನುಡಿಹಾದಿ ಅವರೇ, ಗ್ರೀನ್‌ಬರ್ಗ್ ಅವರ ಪಟ್ಟಿಯಲ್ಲಿ ಈ ಭಾಷೆ ಇದೆ, ಹೆಸರು ಮಾತ್ರ ಬೇರೆ. ಚಾಡ್ ಕುಟುಂಬಕ್ಕೆ, ಅಂದರೆ ಇಂದಿನ ಚಾಡಿಕ್‌ಗೆ, ಅವರು ಮಾಡಿದ ಒಂಬತ್ತು ಉಪಗುಂಪುಗಳಲ್ಲಿ ಕೊನೆಯದರಲ್ಲಿ ಮುಬಿ ಭಾಷೆಯ ಪಕ್ಕದಲ್ಲೇ ‘ಕರ್ಬೊ’ ಎಂದು ನಮೂದಾಗಿರುವುದು ಇದೇ. ಪೂರ್ವ ದಂಗಲೆಯಾತ್ ಆಡುವ ಪ್ರಮುಖ ಊರು ಕೊರ್ಬೊ. ಹಳೆಯ ಬರಹಗಳಲ್ಲಿ ಊರಿನ ಹೆಸರೇ ಭಾಷೆಯ ಹೆಸರಾಗಿ ನಿಂತಿದೆ. ‘ದಂಗ್ಲಾ’ ಎಂಬ ರೂಪವನ್ನೂ ನೀವು ಅಲ್ಲಲ್ಲಿ ಕಾಣುವಿರಿ. ಈ ಮೂರು ಹೆಸರುಗಳನ್ನೂ ಒಂದೇ ಭಾಷೆಯ ಹೆಸರುಗಳೆಂದು ಗುರುತಿಸಿಕೊಂಡರೆ ಹಳೆಯ ಮತ್ತು ಹೊಸ ವರ್ಗೀಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯವಾಗುತ್ತದೆ.

ಸ್ಥಾನದ ವಿಷಯಕ್ಕೆ ಬರುತ್ತೇನೆ. ಆಫ್ರೊ-ಏಷ್ಯಾಟಿಕ್ ಕುಟುಂಬದಲ್ಲಿ ಸೆಮಿಟಿಕ್, ಬೆರ್ಬರ್, ಕುಶಿಟಿಕ್ ಮತ್ತು ಪ್ರಾಚೀನ ಈಜಿಪ್ಟಿನ ಭಾಷೆಯ ಜೊತೆಗೆ ಚಾಡಿಕ್ ಒಂದು ಶಾಖೆ. ಈ ಶಾಖೆಯ ಒಳಗಿನ ವಿಂಗಡಣೆ ಬದಲಾಗುತ್ತಲೇ ಬಂದಿದೆ ಮತ್ತು ಆ ಬದಲಾವಣೆಯಲ್ಲಿ ದಂಗಲೆಯಾತ್ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದೇ ನಿಮ್ಮ ಲೇಖನಕ್ಕೆ ಒಳ್ಳೆಯ ಎಳೆಯಾದೀತು. 1966ರಲ್ಲಿ ಪಾಲ್ ನ್ಯೂಮನ್ ಮತ್ತು ರೊಕ್ಸಾನಾ ಮಾ ಅವರು ಧ್ವನಿಗಳ ಕ್ರಮಬದ್ಧ ಹೊಂದಾಣಿಕೆಗಳ ಆಧಾರದ ಮೇಲೆ ಚಾಡಿಕ್ ಭಾಷೆಗಳ ಏಕತೆಯನ್ನು ತೋರಿಸಿದಾಗ ಅವರ ಮುಂದಿದ್ದ ಚಿತ್ರ ಎರಡು ದೊಡ್ಡ ಗುಂಪುಗಳದ್ದು: ಬಿಯು-ಮಂದಾರಾ ಒಂದು, ಪ್ಲೇಟೊ-ಸಾಹೆಲ್ ಇನ್ನೊಂದು. ಆ ಎರಡನೆಯ ಗುಂಪಿನಲ್ಲಿ ಹೌಸಾ ಮೊದಲಾದ ಪಶ್ಚಿಮದ ಭಾಷೆಗಳೂ ಚಾಡ್ ದೇಶದ ಪೂರ್ವದ ಭಾಷೆಗಳೂ ಒಟ್ಟಿಗಿದ್ದವು. ಅಂದರೆ ಆ ನೋಟದಲ್ಲಿ ದಂಗಲೆಯಾತ್ ಹೌಸಾಕ್ಕೆ ಹತ್ತಿರದ ದಾಯಾದಿ, ಕ್ಯಾಮರೂನ್ ಗಡಿಯ ಮಂದಾರಾಕ್ಕೆ ದೂರದ್ದು. ನ್ಯೂಮನ್ ಅವರೇ 1977ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಈ ಜೋಡಿಯನ್ನು ಬಿಡಿಸಿ ಶಾಖೆಯನ್ನು ನಾಲ್ಕಾಗಿ ವಿಂಗಡಿಸಿದರು: ಪಶ್ಚಿಮ, ಬಿಯು-ಮಂದಾರಾ (ಇದನ್ನೇ ಮಧ್ಯ ಚಾಡಿಕ್ ಎಂದೂ ಕರೆಯುತ್ತಾರೆ), ಪೂರ್ವ ಮತ್ತು ಮಾಸಾ. ಇಂದಿಗೂ ಹೆಚ್ಚಿನವರು ಬಳಸುವ ಚೌಕಟ್ಟು ಇದೇ. ಮಾಸಾ ಸ್ವತಂತ್ರ ಶಾಖೆಯೋ ಮಧ್ಯ ಚಾಡಿಕ್‌ನ ಒಂದು ಭಾಗವೋ ಎಂಬ ಚರ್ಚೆ ಇದೆ, ಆದರೆ ಅದು ದಂಗಲೆಯಾತ್‌ನ ಸ್ಥಾನವನ್ನು ಅಲುಗಿಸುವುದಿಲ್ಲ.

ಪೂರ್ವ ಚಾಡಿಕ್‌ನಲ್ಲಿ ‘ಎ’ ಮತ್ತು ‘ಬಿ’ ಎಂಬ ಎರಡು ಕವಲುಗಳಿವೆ. ‘ಎ’ ಕವಲಿನ ಲೆಲೆ, ಕೆರಾ, ತುಮಾಕ್, ಸೊಮ್ರಾಯ್ ಮುಂತಾದವು ದೇಶದ ನೈಋತ್ಯದಲ್ಲಿ, ಶಾರಿ ಮತ್ತು ಲೊಗೊನ್ ನದಿಗಳ ಸೀಮೆಯಲ್ಲಿವೆ. ‘ಬಿ’ ಕವಲಿನವು ಬಹುಪಾಲು ಗೇರಾ ಪ್ರಾಂತದ ಬೆಟ್ಟಸೀಮೆಯಲ್ಲೂ ಅದರ ಪೂರ್ವಕ್ಕೂ ಇವೆ. ಈ ‘ಬಿ’ಯ ಮೊದಲ ಉಪಗುಂಪಿನಲ್ಲಿ ದಂಗಲೆಯಾತ್, ಬಿದಿಯೊ, ಮಿಗಾಮಾ, ಮುಬಿ, ಬಿರ್ಗಿತ್ ಮೊದಲಾದವು ಸೇರುತ್ತವೆ. ಎರಡನೆಯದರಲ್ಲಿ ಮೊಕಿಲ್ಕೊ ಒಂಟಿಯಾಗಿ ನಿಂತಿದೆ. ಮೂರನೆಯದರಲ್ಲಿ ಸೊಕೊರೊ, ಬರೈನ್, ಸಾಬಾ ಇತ್ಯಾದಿಗಳಿವೆ. ಆದ್ದರಿಂದ ದಂಗಲೆಯಾತ್‌ಗೆ ನಿಜವಾದ ಒಡಹುಟ್ಟಿದವು ಬಿದಿಯೊ ಮತ್ತು ಮಿಗಾಮಾಗಳಂಥ ಭಾಷೆಗಳು. ಹೌಸಾದೊಂದಿಗಿನ ನಂಟು ಇಡೀ ಚಾಡಿಕ್ ಶಾಖೆಯ ಮೂಲಕ್ಕೆ ಹೋದಾಗ ಮಾತ್ರ ಸಿಗುತ್ತದೆ.

ಆಧಾರ ಯಾವುದು ಎಂದು ಕೇಳಿದ್ದೀರಿ. ಎಲ್ಲರೂ ಉದಾಹರಿಸುವ ಒಂದನ್ನು ತೆಗೆದುಕೊಳ್ಳೋಣ. ಹೌಸಾದಲ್ಲಿ ‘ಸಾಯು’ ಎಂಬುದಕ್ಕೆ ‘ಮುತು’, ಅರಬ್ಬಿಯಲ್ಲಿ ‘ಮಾತ’, ಪ್ರಾಚೀನ ಈಜಿಪ್ಟಿನ ಭಾಷೆಯಲ್ಲೂ ಮಕಾರ ತಕಾರಗಳ ಬೇರೇ. ಚಾಡಿಕ್‌ನ ನಾಲ್ಕೂ ಶಾಖೆಗಳಲ್ಲಿ ಈ ಬೇರು ಹರಡಿದೆ. ಇಲ್ಲಿ ಒಂದು ಎಚ್ಚರ ಬೇಕು. ಗೇರಾದ ಜನರು ತಲೆಮಾರುಗಳಿಂದ ಚಾಡ್‌ನ ಅರಬ್ಬಿಯನ್ನು ಸಂಪರ್ಕಭಾಷೆಯಾಗಿ ಬಳಸುತ್ತಿದ್ದಾರೆ, ಆ ಭಾಷೆಯಿಂದ ಸಾಲ ಪಡೆದ ಪದಗಳೂ ಅಲ್ಲಿನ ಭಾಷೆಗಳಲ್ಲಿವೆ. ಅರಬ್ಬಿಯು ಸೆಮಿಟಿಕ್ ಭಾಷೆಯಾದ್ದರಿಂದ ಅದು ದಂಗಲೆಯಾತ್‌ಗೆ ದೂರದ ರಕ್ತಸಂಬಂಧಿಯೂ ಹೌದು, ನಿತ್ಯದ ನೆರೆಯೂ ಹೌದು. ಅರಬ್ಬಿ ಪದವನ್ನು ಹೋಲುವ ಒಂದು ದಂಗಲೆಯಾತ್ ಪದ ಸಿಕ್ಕಿದರೆ ಅದು ಸಾವಿರಾರು ವರ್ಷಗಳ ಹಿಂದಿನ ಸಾಮಾನ್ಯ ಮೂಲದಿಂದ ಬಂದದ್ದೋ ಕಳೆದ ಶತಮಾನದ ಸಂತೆಯಿಂದ ಬಂದದ್ದೋ ಎಂದು ಹೋಲಿಕೆಯೊಂದರಿಂದಲೇ ನಿರ್ಧರಿಸಲಾಗದು. ‘ಸಾಯು’ ಎಂಬುದರ ಬೇರು ಅರಬ್ಬಿಯ ಸಂಪರ್ಕ ಅತಿ ಕಡಿಮೆಯಿದ್ದ ನೈಜೀರಿಯಾದ ಬೆಟ್ಟಗಳ ಚಾಡಿಕ್ ಭಾಷೆಗಳಲ್ಲೂ ಆಯಾ ಭಾಷೆಯ ಧ್ವನಿನಿಯಮಕ್ಕೆ ಒಪ್ಪುವ ರೂಪದಲ್ಲಿ ದೊರೆಯುವುದರಿಂದಲೇ ಅದನ್ನು ಆನುವಂಶಿಕವೆಂದು ಒಪ್ಪುತ್ತೇವೆ. ನಮ್ಮಲ್ಲಿ ತಮಿಳಿನ ‘ಪಾಲ್’ ಕನ್ನಡದ ‘ಹಾಲು’, ತಮಿಳಿನ ‘ಪುಲಿ’ ಕನ್ನಡದ ‘ಹುಲಿ’ ಎಂಬ ಸಾಲಿನಲ್ಲಿ ಪಕಾರ ಹಕಾರವಾಗುವ ನಿಯಮವೇ ಬಾಂಧವ್ಯಕ್ಕೆ ಸಾಕ್ಷಿ ಹೇಳುವಂತೆ, ಇಲ್ಲಿಯೂ ಸಾಕ್ಷಿ ಹೇಳುವುದು ನಿಯಮವೇ ಹೊರತು ಕಿವಿಗೆ ಕೇಳುವ ಸಾಮ್ಯವಲ್ಲ.

ಪದಗಳಿಗಿಂತ ಗಟ್ಟಿಯಾದ ಸಾಕ್ಷ್ಯ ವ್ಯಾಕರಣದಲ್ಲಿದೆ. ಪುಲ್ಲಿಂಗಕ್ಕೆ ನಕಾರ, ಸ್ತ್ರೀಲಿಂಗಕ್ಕೆ ತಕಾರ, ಬಹುವಚನಕ್ಕೆ ಮತ್ತೆ ನಕಾರ ಎಂಬ ವಿನ್ಯಾಸವನ್ನು ಗ್ರೀನ್‌ಬರ್ಗ್ 1960ರಲ್ಲೇ ಆಫ್ರೊ-ಏಷ್ಯಾಟಿಕ್ ಕುಟುಂಬದ ಗುರುತೆಂದು ತೋರಿಸಿದ್ದರು. ಹೌಸಾದಲ್ಲಿ ‘ರಾಜನ ಮನೆ’ ಎನ್ನಲು ‘ಗಿದನ್ ಸರ್ಕಿ’ ಎಂದೂ ‘ರಾಜನ ಅಂಗಿ’ ಎನ್ನಲು ‘ರಿಗರ್ ಸರ್ಕಿ’ ಎಂದೂ ಹೇಳುತ್ತಾರೆ. ಮನೆ ಪುಲ್ಲಿಂಗವಾದ್ದರಿಂದ ಕೊನೆಯಲ್ಲಿ ನಕಾರ. ಅಂಗಿ ಸ್ತ್ರೀಲಿಂಗವಾದ್ದರಿಂದ ರಕಾರ, ಆ ರಕಾರ ಹಿಂದೊಮ್ಮೆ ತಕಾರವಾಗಿತ್ತು. ಮಧ್ಯ ಚಾಡಿಕ್‌ನ ಬಹಳಷ್ಟು ಭಾಷೆಗಳು ಲಿಂಗಭೇದವನ್ನೇ ಕಳೆದುಕೊಂಡಿವೆ. ದಂಗಲೆಯಾತ್ ಅದನ್ನು ಉಳಿಸಿಕೊಂಡಿದೆ. ಎದುರಿಗಿರುವ ಒಬ್ಬರನ್ನು ‘ನೀನು’ ಎನ್ನುವಾಗಲೂ ಗಂಡಸೋ ಹೆಂಗಸೋ ಎಂಬುದನ್ನು ಸರ್ವನಾಮದಲ್ಲೇ ತೋರಿಸುವ ಪದ್ಧತಿ ಹೌಸಾದಲ್ಲಿ ‘ಕೈ’ ಮತ್ತು ‘ಕೇ’ ಎಂದು ಇರುವಂತೆ ದಂಗಲೆಯಾತ್‌ನಲ್ಲೂ ಇದೆ. ಆದರೆ ಹಳೆಯದನ್ನು ಇಬ್ಬರೂ ಉಳಿಸಿಕೊಂಡಿದ್ದಾರೆ ಎಂಬ ಕಾರಣಕ್ಕೆ ಹೌಸಾ ಮತ್ತು ದಂಗಲೆಯಾತ್‌ಗಳನ್ನು ಒಂದು ಉಪಗುಂಪಿಗೆ ಸೇರಿಸಲಾಗದು ಎಂಬುದನ್ನು ಲೇಖನದಲ್ಲಿ ದಯವಿಟ್ಟು ಒತ್ತಿ ಹೇಳಿ. ಉಪಗುಂಪನ್ನು ಕಟ್ಟುವುದು ಜೊತೆಯಾಗಿ ಮಾಡಿಕೊಂಡ ಹೊಸ ಬದಲಾವಣೆಗಳು. ಈ ಒಂದು ತತ್ತ್ವ ಅಸ್ಪಷ್ಟವಾಗಿ ಉಳಿದರೆ ಉಳಿದೆಲ್ಲ ವಿವರಗಳೂ ದಾರಿ ತಪ್ಪಿಸುತ್ತವೆ.

ಉತ್ತರ: ಮಲೆಸೀಮೆ

ಬೇರುಬಿಳಲು ಅವರು ಭಾಷೆಯ ಭಾಗವನ್ನು ವಿವರಿಸಿದ್ದಾರೆ. ಹಜೆರಾಯ್ ಎಂಬ ಹೆಸರಿನ ಬಗ್ಗೆ ನಾನು ಬರೆಯುತ್ತೇನೆ. ಕೆಂಗಾ ಚಾಡಿಕ್ ಭಾಷೆಯಲ್ಲ. ಅದು ಮಧ್ಯ ಸೂಡಾನಿಕ್ ಬಳಗದ ಬೊಂಗೊ-ಬಗಿರ್ಮಿ ಗುಂಪಿಗೆ ಸೇರಿದ್ದು. ಅದರ ನೆಂಟಸ್ತನ ಬಗಿರ್ಮಿ ಮತ್ತು ಸಾರಾ ಭಾಷೆಗಳ ಜೊತೆ. ದಂಗಲೆಯಾತ್‌ಗೂ ಕೆಂಗಾಕ್ಕೂ ವಂಶದ ಸಂಬಂಧವೇ ಇಲ್ಲ. ಹಾಗಿದ್ದರೂ ಇವೆರಡನ್ನೂ ಆಡುವ ಜನರು ಬಿತ್ಕಿನ್ ಪಟ್ಟಣದ ಸುತ್ತಮುತ್ತ ಅಕ್ಕಪಕ್ಕದ ಬೆಟ್ಟಗಳ ತಪ್ಪಲಿನಲ್ಲಿ ಬಾಳುತ್ತಾರೆ.

ರಾಜಧಾನಿ ಎನ್‌ಜಮೇನಾದಿಂದ ರಸ್ತೆಯ ದಾರಿಯಲ್ಲಿ ಪೂರ್ವಕ್ಕೆ ಸುಮಾರು 500 ಕಿಲೋಮೀಟರ್ ಸಾಗಿದರೆ ಗೇರಾ ಪ್ರಾಂತದ ಮುಖ್ಯ ಪಟ್ಟಣ ಮೊಂಗೊ ಸಿಗುತ್ತದೆ. ಬಯಲಿನ ನಡುವೆ ಎದ್ದು ನಿಂತ ಕಲ್ಲುಬೆಟ್ಟಗಳು ಇಲ್ಲಿನ ಗುರುತು. ಬಯಲಿನ ಅರಬ್ಬಿ ಮಾತುಗಾರರು ಬೆಟ್ಟದವರಿಗೆಲ್ಲ ಕೊಟ್ಟ ಸಾಮೂಹಿಕ ಹೆಸರು ಹಜೆರಾಯ್; ಕಲ್ಲುಸೀಮೆಯವರು ಎಂಬಷ್ಟೇ ಅದರ ಅರ್ಥ. ಹೊರಗಿನಿಂದ ಬಂದ ಹೆಸರು ಒಳಗಿನ ಭಾಷಾಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದಂಗಲೆಯಾತ್, ಬಿದಿಯೊ, ಮಿಗಾಮಾ, ಮೊಕಿಲ್ಕೊ, ಸೊಕೊರೊಗಳು ಚಾಡಿಕ್. ಕೆಂಗಾ ಮಧ್ಯ ಸೂಡಾನಿಕ್. ಮೊಂಗೊ ಸುತ್ತಲಿನ ದಾಜು ಪೂರ್ವ ಸೂಡಾನಿಕ್. ಇವುಗಳ ಮೇಲೆ ಎಲ್ಲರ ಸಂಪರ್ಕಭಾಷೆಯಾಗಿ ಚಾಡ್‌ನ ಅರಬ್ಬಿ, ಶಾಲೆ ಮತ್ತು ಕಚೇರಿಗಳಲ್ಲಿ ಫ್ರೆಂಚ್. ಇಷ್ಟು ಚಿಕ್ಕ ಬೆಟ್ಟಸೀಮೆಯಲ್ಲಿ ಇಷ್ಟು ದೂರದೂರದ ವಂಶಗಳ ಭಾಷೆಗಳು ಒಂದೆಡೆ ನೆಲೆಸಿರುವುದು ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತ್ಯಂತ ಮಹತ್ವದ ಸಂಗತಿ.

ಭಾಷೆ ಬೇರೆಯಾದರೂ ಇವರನ್ನು ಒಂದಾಗಿಸಿದ್ದು ಮಾರ್ಗಾಯ್ ಎಂಬ ಆರಾಧನೆ. ಮಾರ್ಗಾಯ್ ಎಂದರೆ ಬೆಟ್ಟ, ಬಂಡೆ, ಮರ, ನೀರಿನಂಥ ನಿರ್ದಿಷ್ಟ ಎಡೆಗಳಿಗೆ ಸೇರಿದ ಅದೃಶ್ಯ ಶಕ್ತಿಗಳು. ಅವುಗಳಿಗೆ ಬಲಿ ಮತ್ತು ನೈವೇದ್ಯ ಸಲ್ಲಿಸುವ ಅಧಿಕಾರ ಗೊತ್ತಾದ ಕುಲಗಳ ಕೈಯಲ್ಲಿರುತ್ತಿತ್ತು. ಮಳೆ, ಬೆಳೆ, ಕಾಯಿಲೆ, ಹಳ್ಳಿಯ ನಾಯಕತ್ವ ಎಲ್ಲವೂ ಆ ಶಕ್ತಿಗಳೊಂದಿಗಿನ ಒಡಂಬಡಿಕೆಗೆ ಕಟ್ಟುಬಿದ್ದಿದ್ದವು. ಫ್ರೆಂಚ್ ಮಾನವಶಾಸ್ತ್ರಜ್ಞೆ ಜೀನ್-ಫ್ರಾನ್ಸ್‌ವಾಸ್ ವಿನ್ಸೆಂಟ್ ಅವರು 1975ರಲ್ಲಿ ಪ್ರಕಟಿಸಿದ ಅಧ್ಯಯನವು ಹಜೆರಾಯ್ ಜನರಲ್ಲಿ ಅಧಿಕಾರ ಮತ್ತು ಪವಿತ್ರತೆಗಳಿಗಿದ್ದ ಈ ಹೆಣಿಗೆಯನ್ನೇ ಕುರಿತದ್ದು. 20ನೆಯ ಶತಮಾನದಲ್ಲಿ ಇಸ್ಲಾಂ ವ್ಯಾಪಕವಾಗಿ ಹರಡಿತು, ಕ್ರೈಸ್ತ ಮಿಷನ್‌ಗಳೂ ಬಂದವು. ಆದರೂ ಮಾರ್ಗಾಯ್ ಎಂಬ ಮಾತು ಕೇಳದ ಹಜೆರಾಯ್ ಹಳ್ಳಿ ಇರಲಾರದು.

ಹಜೆರಾಯ್ ಎಂಬ ಗುರುತು ಭಾಷಿಕವಲ್ಲ ಎಂದು ಬರೆಯುವಾಗ ಅದು ಟೊಳ್ಳು ಹೆಸರೆಂಬ ಭಾವನೆ ಬಾರದಂತೆ ನೋಡಿಕೊಳ್ಳಿ. 1987ರಿಂದ ಚಾಡ್‌ನ ಅಂದಿನ ಅಧ್ಯಕ್ಷ ಹಿಸೇನ್ ಹಬ್ರೆಯ ಸರ್ಕಾರ ಹಜೆರಾಯ್ ಜನರನ್ನು ಜನಾಂಗವಾಗಿಯೇ ಗುರಿಯಿಟ್ಟು ಬಂಧಿಸಿತು, ಹಿಂಸಿಸಿತು, ಕೊಂದಿತು. 2016ರಲ್ಲಿ ಸೆನೆಗಲ್‌ನ ಡಾಕಾರ್‌ನಲ್ಲಿ ವಿಶೇಷ ಆಫ್ರಿಕನ್ ನ್ಯಾಯಮಂಡಳಿ ಹಬ್ರೆಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ವಿಚಾರಣೆಗೊಳಗಾದ ಅಪರಾಧಗಳಲ್ಲಿ ಇದೂ ಇತ್ತು. ದಂಗಲೆಯಾತ್ ಆಡುವವನೂ ಕೆಂಗಾ ಆಡುವವನೂ ಅಂದು ಒಂದೇ ಹೆಸರಿನ ಕಾರಣಕ್ಕೆ ಒಂದೇ ಗತಿಗೆ ಈಡಾದರು. ಭಾಷಾವಂಶ ಮತ್ತು ಜನರ ಬದುಕಿನ ಗುರುತು ಎರಡೂ ಸತ್ಯ, ಎರಡೂ ಬೇರೆ ಬೇರೆ. ಒಂದರಿಂದ ಇನ್ನೊಂದನ್ನು ಊಹಿಸಬಾರದು.

ಉತ್ತರ: ಧಾತುಪಾಠ

ಈ ಚರ್ಚೆಗೆ ಕ್ರಿಯಾಪದಗಳ ವಿಷಯವನ್ನು ಸೇರಿಸುತ್ತೇನೆ. ಪೂರ್ವ ಚಾಡಿಕ್ ಭಾಷೆಗಳಿಗೆ ವಿದ್ವಾಂಸರು ಕೊಡುವ ಬೆಲೆಗೆ ಮುಖ್ಯ ಕಾರಣ ಅದೇ ಎಂದು ನನ್ನ ಭಾವನೆ.

ಫ್ರಾಂಕ್‌ಫರ್ಟ್‌ನ ಪ್ರಾಧ್ಯಾಪಕ ಹೆರ್ಮಾನ್ ಯುಂಗ್‌ರೈತ್‌ಮಾಯರ್ ದಶಕಗಳ ಕಾಲ ಗೇರಾದ ಭಾಷೆಗಳ ಮೇಲೆ ಕೆಲಸ ಮಾಡಿದರು. ಬಿದಿಯೊ, ಮೊಕಿಲ್ಕೊ, ಮಿಗಾಮಾ ಭಾಷೆಗಳ ಶಬ್ದಕೋಶಗಳು ಅವರ ಹಾಗೂ ಅವರ ಸಹೋದ್ಯೋಗಿಗಳ ಶ್ರಮದಿಂದ ಬಂದವು. ಮುಗಿದ ಕ್ರಿಯೆ ಮತ್ತು ಮುಗಿಯದ ಕ್ರಿಯೆಗಳ ಭೇದವನ್ನು ಧಾತುವಿನ ಒಳಗಿನ ಸ್ವರವನ್ನು ಬದಲಿಸಿ, ಕೆಲವೆಡೆ ನಡುವಿನ ವ್ಯಂಜನವನ್ನು ದ್ವಿತ್ವಗೊಳಿಸಿ ತೋರಿಸುವ ಪದ್ಧತಿ ಮುಬಿ, ಮಿಗಾಮಾ ಮುಂತಾದವುಗಳಲ್ಲಿರುವುದನ್ನು ಅವರು ಮತ್ತೆ ಮತ್ತೆ ಎತ್ತಿ ತೋರಿದರು. ಇದು ಯಾರಿಗಾದರೂ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯನ್ನು ನೆನಪಿಸುತ್ತದೆ. ಅಲ್ಲಿ ‘ಇಪ್ರುಸ್’ ಎಂದರೆ ಅವನು ನಿರ್ಧರಿಸಿದನು, ‘ಇಪರ್‍ರಸ್’ ಎಂದರೆ ಅವನು ನಿರ್ಧರಿಸುತ್ತಾನೆ. ಪ-ರ-ಸ ಎಂಬ ಮೂರು ವ್ಯಂಜನಗಳು ಹಾಗೇ ಇದ್ದು ಸ್ವರ ಮತ್ತು ದ್ವಿತ್ವ ಮಾತ್ರ ಕಾಲಸೂಚನೆಯ ಹೊರೆ ಹೊರುತ್ತವೆ. ಸಾವಿರಾರು ಮೈಲಿಗಳ ಆಚೆ, ಬರಹದ ಇತಿಹಾಸವಿಲ್ಲದ ಭಾಷೆಗಳಲ್ಲಿ ಇಂಥದೇ ವಿನ್ಯಾಸ ಕಂಡಾಗ ಅದು ಆಫ್ರೊ-ಏಷ್ಯಾಟಿಕ್ ಮೂಲದ ಅತ್ಯಂತ ಪ್ರಾಚೀನ ಪದರದ ಉಳಿಕೆ ಎಂಬುದು ಯುಂಗ್‌ರೈತ್‌ಮಾಯರ್ ಅವರ ವಾದ.

ಎಲ್ಲರೂ ಇದನ್ನು ಒಪ್ಪುವುದಿಲ್ಲ. ಚಾಡಿಕ್‌ನ ಇತರ ಶಾಖೆಗಳಲ್ಲಿ ಧಾತುವಿನ ಮಧ್ಯೆ ಅಕಾರವನ್ನು ಸೇರಿಸುವುದೋ ವ್ಯಂಜನವನ್ನು ಇಮ್ಮಡಿಸುವುದೋ ಕ್ರಿಯೆಯ ಬಹುತ್ವವನ್ನು, ಅಂದರೆ ಮತ್ತೆ ಮತ್ತೆ ಮಾಡುವುದನ್ನೋ ಹಲವರು ಮಾಡುವುದನ್ನೋ ಸೂಚಿಸುತ್ತದೆ. ಆ ಬಹುತ್ವಸೂಚಕವೇ ಪೂರ್ವದ ಕೆಲವು ಭಾಷೆಗಳಲ್ಲಿ ಮುಂದೆ ಅಪೂರ್ಣ ಕ್ರಿಯೆಯ ಗುರುತಾಗಿ ಬೆಳೆದಿರಬಹುದು ಎಂಬ ದಾರಿಯಲ್ಲಿ ಎಕ್ಕೆಹಾರ್ಡ್ ವೊಲ್ಫ್ ಮೊದಲಾದವರು ಯೋಚಿಸಿದ್ದಾರೆ. ಹಾಗಾದಲ್ಲಿ ಅಕ್ಕಾಡಿಯನ್‌ನೊಂದಿಗಿನ ಸಾಮ್ಯ ನೇರ ಉತ್ತರಾಧಿಕಾರವಲ್ಲ, ಒಂದೇ ಹಳೆಯ ಸಾಮಗ್ರಿಯಿಂದ ಎರಡು ಕಡೆ ಬೇರೆ ಬೇರೆಯಾಗಿ ಆದ ಬೆಳವಣಿಗೆ. ನನಗೆ ಈ ಎರಡನೆಯ ವಾದವೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ, ಏಕೆಂದರೆ ಅದು ನಾಲ್ಕೂ ಶಾಖೆಗಳ ಸಾಕ್ಷ್ಯವನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ದಂಗಲೆಯಾತ್‌ನ ವಿಶೇಷ ಬೆಲೆ ಇರುವುದು ಇಲ್ಲಿಯೇ. ಕಾರ್ಲ್ ಎಬೊಬಿಸೆ ಅವರು ಪೂರ್ವ ದಂಗಲೆಯಾತ್‌ನ ಕ್ರಿಯಾಪದಗಳ ಬಗ್ಗೆ 1979ರಲ್ಲಿ ಜರ್ಮನ್‌ನಲ್ಲಿ ಒಂದು ಗ್ರಂಥವನ್ನೂ 1987ರಲ್ಲಿ ಫ್ರೆಂಚ್‌ನಲ್ಲಿ ಇನ್ನೊಂದನ್ನೂ ಪ್ರಕಟಿಸಿದರು. ಒಂದು ಸಣ್ಣ ಭಾಷೆಯ ಕ್ರಿಯಾಪದವೊಂದಕ್ಕೇ ಮೀಸಲಾದ ಎರಡು ಗ್ರಂಥಗಳಿರುವುದು ಪೂರ್ವ ಚಾಡಿಕ್‌ನಲ್ಲಿ ಅಪರೂಪದ ಭಾಗ್ಯ. ಮುಬಿಯ ರೂಪಗಳು ಪ್ರಾಚೀನವೇ ಹೊಸತೇ ಎಂದು ತೂಗಬೇಕಾದರೆ ಅದರ ಹತ್ತಿರದ ಬಂಧುವಿನ ಕ್ರಿಯಾಪದಗಳು ಸ್ವರ, ತಾನ (ಅರ್ಥವನ್ನು ಬೇರೆ ಮಾಡುವ ದನಿಯ ಏರಿಳಿತ), ಪ್ರತ್ಯಯಗಳ ಸಮೇತ ಕಣ್ಣಮುಂದಿರಬೇಕು. ಅದನ್ನು ಒದಗಿಸುವ ಭಾಷೆ ದಂಗಲೆಯಾತ್.

ಮರುಪ್ರಶ್ನೆ: ನುಡಿಹಾದಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಂಗಾದ ವಿಷಯ ತಿಳಿದದ್ದರಿಂದ ನಕ್ಷೆಯ ಭಾಗವನ್ನು ಪೂರ್ತಿಯಾಗಿ ಬೇರೆ ರೀತಿಯಲ್ಲಿ ಯೋಜಿಸಬೇಕಾಗಿದೆ. ಪೂರ್ವ ಮತ್ತು ಪಶ್ಚಿಮ ಪ್ರಭೇದಗಳ ಪ್ರಶ್ನೆ ಇನ್ನೂ ಉಳಿದಿದೆ. ಅದರ ಜೊತೆಗೆ ಮತ್ತೊಂದು: ಚಾಡಿಕ್ ಜನರ ಪೂರ್ವಿಕರು ಸಹಾರಾವನ್ನು ದಾಟಿ ಬಂದರೆಂದು ವಂಶವಾಹಿ ಅಧ್ಯಯನಗಳು ಹೇಳುತ್ತವೆ ಎಂದು ಒಂದೆಡೆ ಓದಿದೆ. ದಂಗಲೆಯಾತ್‌ನ ಸ್ಥಾನವನ್ನು ವಿವರಿಸಲು ಅದನ್ನು ಬಳಸಬಹುದೇ?

ಉತ್ತರ: ಅಕ್ಷರಬಂಡಿ

ಪ್ರಭೇದಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ದಂಗಲೆಯಾತ್‌ನಲ್ಲಿ ಸಾಮಾನ್ಯವಾಗಿ ಮೂರು ಪ್ರಭೇದಗಳನ್ನು ಗುರುತಿಸುತ್ತಾರೆ: ಕೊರ್ಬೊ ಸುತ್ತಲಿನ ಪೂರ್ವದ್ದು, ಕೊರ್ಲೊಂಗೊ ಸುತ್ತಲಿನ ಪಶ್ಚಿಮದ್ದು, ಇವೆರಡರ ನಡುವಿನದು. ಎಲ್ಲ ಸೇರಿ ಮಾತುಗಾರರ ಸಂಖ್ಯೆ 1990ರ ದಶಕದ ಅಂದಾಜುಗಳಲ್ಲಿ 45,000ದ ಆಸುಪಾಸಿನಲ್ಲಿದೆ. ಅಂತರರಾಷ್ಟ್ರೀಯ ಭಾಷಾಸಂಕೇತದಲ್ಲಿ ಇವೆಲ್ಲಕ್ಕೂ ಒಂದೇ ಗುರುತು ಇದೆ. ಆದರೆ ಈ ಭಾಷೆಯನ್ನು ಚೆನ್ನಾಗಿ ಬಲ್ಲ ಜೆಸ್ಯೂಟ್ ಪಾದ್ರಿ ಜಾಕ್ ಫೆದ್ರಿ ಅವರು 1977ರಲ್ಲಿ ಗೇರಾದ ನಾಲ್ಕು ಭಾಷೆಗಳ ಧ್ವನಿವ್ಯವಸ್ಥೆ ಮತ್ತು ತಾನವ್ಯವಸ್ಥೆಗಳನ್ನು ಪರಿಚಯಿಸುವಾಗ ಪೂರ್ವ ದಂಗಲೆಯಾತ್ ಮತ್ತು ಪಶ್ಚಿಮ ದಂಗಲೆಯಾತ್‌ಗಳನ್ನು ಎರಡೆಂದೇ ಎಣಿಸಿದರು; ಉಳಿದೆರಡು ಬಿದಿಯೊ ಮತ್ತು ಜೊಂಗೊರ್, ಅಂದರೆ ಇಂದಿನ ಮಿಗಾಮಾ. ಪೂರ್ವದವರೂ ಪಶ್ಚಿಮದವರೂ ತಮ್ಮನ್ನು ದಂಗಲೆಯಾತರೆಂದೇ ಕರೆದುಕೊಳ್ಳುವಾಗ ಒಂದು ಭಾಷೆ ಎನ್ನಲು ಅಡ್ಡಿಯಿಲ್ಲ. ಧ್ವನಿಗಳ ಇತಿಹಾಸವನ್ನು ಬರೆಯುವಾಗ ಮಾತ್ರ ಎರಡನ್ನೂ ಬೇರೆ ಬೇರೆ ಸಾಕ್ಷಿಗಳಾಗಿ ನಿಲ್ಲಿಸುವುದೇ ಸರಿ.

ಇದರಿಂದ ನಿಮ್ಮ ಲೇಖನಕ್ಕೆ ನೇರವಾದ ಪರಿಣಾಮವಿದೆ. ಫೆದ್ರಿ 1971ರಲ್ಲಿ ಸ್ಥಳೀಯ ಸಹಲೇಖಕರ ಜೊತೆ ಪ್ರಕಟಿಸಿದ ದಂಗಲೆಯಾತ್–ಫ್ರೆಂಚ್ ನಿಘಂಟು ಪೂರ್ವದ ಪ್ರಭೇದವನ್ನು ಆಧರಿಸಿದ್ದು. ಎಬೊಬಿಸೆ ಅವರ ಎರಡೂ ಗ್ರಂಥಗಳು ಪೂರ್ವದವು. 1999ರಲ್ಲಿ ಎರಿನ್ ಶೇ ಅವರು ಕೊಲೊರಾಡೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ, ಸರಳ ವಾಕ್ಯಗಳ ವ್ಯಾಕರಣವನ್ನು ವಿವರಿಸುವ ಪ್ರಬಂಧವೂ ಪೂರ್ವ ದಂಗ್ಲಾದ್ದೇ. ತೌಲನಿಕ ಪಟ್ಟಿಗಳಲ್ಲಿ ಬರಿದೆ ‘ದಂಗ್ಲಾ’ ಎಂದು ಕಂಡರೆ ಅದು ಬಹುಮಟ್ಟಿಗೆ ಕೊರ್ಬೊದ ಮಾತು ಎಂದೇ ತಿಳಿಯಬೇಕು. ಒಂದು ಊರಿನ ಸೀಮೆಯ ರೂಪ ಇಡೀ ಭಾಷೆಯ ಪರವಾಗಿ, ಕೆಲವೊಮ್ಮೆ ಇಡೀ ಉಪಶಾಖೆಯ ಪರವಾಗಿ ಮಾತಾಡುತ್ತಿದೆ. ಪಶ್ಚಿಮದ ಮಾತಿಗೂ ಅಷ್ಟೇ ಸಮಗ್ರವಾದ ವಿವರಣೆ ಸಿಗುವುದು ಚಾಡಿಕ್ ಅಧ್ಯಯನದ ನಿಜವಾದ ಅಗತ್ಯ ಎಂದು ನಾನು ಬಲವಾಗಿ ನಂಬುತ್ತೇನೆ.

ಬರವಣಿಗೆಯ ಬಗ್ಗೆ ಒಂದು ಮಾತು. ದಂಗಲೆಯಾತ್ ಅನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯುತ್ತಾರೆ. ಕೊಕ್ಕೆ ಸೇರಿಸಿದ ‘ಬಿ’ ಮತ್ತು ‘ಡಿ’ ಅಕ್ಷರಗಳು ಗಂಟಲನ್ನು ಕೆಳಗಿಳಿಸಿ ಗಾಳಿಯನ್ನು ಒಳಸೆಳೆದು ಉಚ್ಚರಿಸುವ ಧ್ವನಿಗಳಿಗೆ ಮೀಸಲು. ಕನ್ನಡದಲ್ಲಿ ಈ ಧ್ವನಿಗಳಿಲ್ಲ, ಆದರೆ ಸಿಂಧಿ ಬಲ್ಲವರಿಗೆ ಇವು ಪರಿಚಿತ. ಕನ್ನಡ ಲಿಪಿಯಲ್ಲಿ ಉದಾಹರಣೆಗಳನ್ನು ಕೊಡುವಾಗ ಸಾಮಾನ್ಯ ಬಕಾರ, ದಕಾರಗಳಿಂದ ಇವನ್ನು ಬೇರ್ಪಡಿಸುವ ಒಂದು ಗುರುತನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ತಾನವನ್ನೂ ಬಿಡಬೇಡಿ, ಏಕೆಂದರೆ ಇದು ತಾನಭಾಷೆ. ವ್ಯಂಜನ ಸ್ವರಗಳು ಒಂದೇ ಇದ್ದು ದನಿಯ ಏರಿಳಿತದಿಂದಲೇ ಅರ್ಥ ಬೇರೆಯಾಗುವುದುಂಟು.

ಉತ್ತರ: ಬೇರುಬಿಳಲು

ವಂಶವಾಹಿಯ ಪ್ರಶ್ನೆಗೆ ಉತ್ತರ: ಬಳಸಬೇಡಿ. ಉತ್ತರ ಕ್ಯಾಮರೂನಿನ ಚಾಡಿಕ್ ಭಾಷಿಕ ಗಂಡಸರಲ್ಲಿ ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ಆರ್-ವಿ88 ಎಂಬ ಗುರುತು ಹೆಚ್ಚಿನ ಪ್ರಮಾಣದಲ್ಲಿರುವುದನ್ನು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು ಮತ್ತು ಅದನ್ನು ಸಹಾರಾದ ಮೂಲಕ ನಡೆದ ಹಳೆಯ ಜನಸಂಚಾರದೊಂದಿಗೆ ಜೋಡಿಸಿತು. ಅದು ಜನರ ಚಲನೆಯ ಬಗ್ಗೆ ಮುಖ್ಯ ಸುಳಿವು. ಆದರೆ ದಂಗಲೆಯಾತ್ ಪೂರ್ವ ಚಾಡಿಕ್‌ನ ಬಿ ಕವಲಿಗೆ ಸೇರಿದೆಯೆಂಬುದನ್ನು ರಕ್ತದ ಮಾದರಿ ಹೇಳಲಾರದು. ಮಲೆಸೀಮೆ ಅವರು ವಿವರಿಸಿದ ಗೇರಾವನ್ನೇ ನೋಡಿ: ಒಂದೇ ಬೆಟ್ಟಸೀಮೆಯಲ್ಲಿ ತಲೆಮಾರುಗಳಿಂದ ಕೂಡಿ ಬಾಳಿದ ಕೆಂಗಾ ಮತ್ತು ದಂಗಲೆಯಾತ್ ಜನರ ನಡುವೆ ವಂಶವಾಹಿಯ ಅಂತರ ಎಷ್ಟೇ ಇರಲಿ, ಅವರ ಭಾಷೆಗಳ ನಡುವಿನ ಅಂತರ ಅದರಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಧಾತುಪಾಠ ಅವರ ಅಭಿಪ್ರಾಯಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸಬಯಸುತ್ತೇನೆ. ಬಹುತ್ವಸೂಚಕದಿಂದ ಅಪೂರ್ಣ ಕ್ರಿಯೆ ಹುಟ್ಟಿತೆಂದರೆ ಅದು ಪೂರ್ವ ಚಾಡಿಕ್‌ನ ಹೊಸ ಬದಲಾವಣೆಯಾಯಿತು. ಹೊಸ ಬದಲಾವಣೆಯೆಂದರೆ ಉಪಗುಂಪಿಗೆ ಸಾಕ್ಷ್ಯ. ಆಗ ಅದು ಬಿ ಕವಲಿನ ಯಾವ ಭಾಷೆಗಳಲ್ಲಿದೆ, ಯಾವುದರಲ್ಲಿಲ್ಲ ಎಂಬ ಪ್ರಶ್ನೆಯೇ ಮೊಕಿಲ್ಕೊವನ್ನು ಬೇರೆಯಿಡಬೇಕೋ, ಮುಬಿ ಮತ್ತು ದಂಗಲೆಯಾತ್‌ಗಳನ್ನು ಒಟ್ಟಿಗಿಡಬೇಕೋ ಎಂಬುದನ್ನು ತೀರ್ಮಾನಿಸುತ್ತದೆ. ಯುಂಗ್‌ರೈತ್‌ಮಾಯರ್ ಅವರ ವಾದ ಸರಿಯಾದರೆ ಅದೇ ರೂಪಗಳು ಬರಿಯ ಉಳಿಕೆಗಳು, ಅವುಗಳಿಂದ ಉಪಗುಂಪು ಕಟ್ಟಲಾಗದು. ಅಕ್ಕಾಡಿಯನ್ ಬಗೆಗಿನ ವಿವಾದ ದೂರದ ಸಂಗತಿಯಂತೆ ಕಂಡರೂ ಅದರ ಫಲಿತಾಂಶ ಗೇರಾದೊಳಗಿನ ವಂಶವೃಕ್ಷದ ಮೇಲೆಯೇ ಬೀಳುತ್ತದೆ. ಈ ಕಾರಣದಿಂದ ನೀವು ವೃಕ್ಷವನ್ನು ಬಿಡಿಸುವಾಗ ಚಾಡಿಕ್, ಪೂರ್ವ, ಬಿ ಎಂಬ ಮೂರು ಹಂತಗಳಿಗೆ ಗಟ್ಟಿ ಗೆರೆಯನ್ನೂ ಬಿ ಕವಲಿನ ಒಳಗಿನ ಮೂರು ಉಪಗುಂಪುಗಳಿಗೆ ಚುಕ್ಕಿಗೆರೆಯನ್ನೂ ಬಳಸಿ ಎಂದು ಸಲಹೆ ಕೊಡುತ್ತೇನೆ.

ಉತ್ತರ: ಮಲೆಸೀಮೆ

ನಕ್ಷೆಯನ್ನು ಬದಲಿಸುವುದಾಗಿ ಬರೆದಿರುವುದರಿಂದ ಒಂದು ಸೂಚನೆ. ಮೊಂಗೊ ಮತ್ತು ಬಿತ್ಕಿನ್‌ಗಳನ್ನು ಮಾತ್ರ ಚೌಕಟ್ಟಿನೊಳಗೆ ಹಿಡಿದರೆ ಮುಬಿ ಹೊರಗುಳಿಯುತ್ತದೆ. ಮುಬಿ ಜನರ ನೆಲೆ ಪೂರ್ವದ ಮಂಗಲ್ಮೆ ಕಡೆಗೆ. 1965ರಲ್ಲಿ ತೆರಿಗೆಯ ವಿರುದ್ಧ ದಂಗೆಯೆದ್ದು ಚಾಡ್‌ನ ದೀರ್ಘ ಅಂತರ್ಯುದ್ಧಕ್ಕೆ ನಾಂದಿಯಾದ ಊರು ಅದೇ. ಆದ್ದರಿಂದ ನಕ್ಷೆಯ ಬಲ ಅಂಚನ್ನು ಮಂಗಲ್ಮೆಯ ಆಚೆಗೆ ಸರಿಸಿ, ಚಾಡಿಕ್ ಭಾಷೆಗಳಿಗೆಲ್ಲ ಒಂದು ಬಣ್ಣ, ಕೆಂಗಾ ಮತ್ತು ದಾಜುಗಳಿಗೆ ಬೇರೆ ಎರಡು ಬಣ್ಣ ಕೊಡಿ. ಹಜೆರಾಯ್ ಎಂಬ ಹೆಸರನ್ನು ಹಾಕುವುದಾದರೆ ಬಣ್ಣವಾಗಿ ಬೇಡ, ಈ ಮೂರನ್ನೂ ಸುತ್ತುವರಿಯುವ ಹೊರಗೆರೆಯಾಗಿ ಎಳೆಯಿರಿ.